ತಾಂಡೇಲರ ಮಂಡಿ ಸ್ಕ್ಯಾನಿಂಗ್

ನಮ್ಮ ಮನೆಯವರು ಬೋಟಿನ ತಾಂಡೇಲರು. ಅಂದರೆ ಕಡಲಿನಲ್ಲಿ ಸ್ಟಿಯರಿಂಗ್ ಹಿಡಿಯುವವರು. ಬಲೆ ಎಲ್ಲಿ ಬಿಡಬೇಕು, ಯಾವಾಗ ಎಳೆಯಬೇಕು ಎಂದು ಹೇಳುವವರು. ಅಲ್ಲಿ ಅವರ ಮಾತೇ ಮಾತು. ಮನೆಯಲ್ಲಿ ನನ್ನದು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳಾದ್ದರಿಂದ ನನಗೆ ತಿದ್ದುವ ಚಟ ಬೇರೆ. ಅಂಗಡಿ ಬೋರ್ಡಿನ ಕಾಗುಣಿತದಿಂದ ಹಿಡಿದು ನೆಂಟರ ಮದುವೆ ಕಾಗದದವರೆಗೆ ಯಾವುದನ್ನೂ ಸುಮ್ಮನೆ ಬಿಟ್ಟವಳಲ್ಲ. ಅಂಥವಳನ್ನೂ ಒಂದು ಮಳೆಗಾಲದಲ್ಲಿ ಎರಡೇ ಅಕ್ಷರದ ಪದವೊಂದು ಎತ್ತಲೋ ಕರೆದುಕೊಂಡು ಹೋಗಿ ಬಿಟ್ಟಿತು.

ಮಳೆಗಾಲದಲ್ಲಿ ಮೀನುಗಾರಿಕೆಗೆ ರಜೆ. ಬೋಟುಗಳನ್ನು ದಡಕ್ಕೆ ಎಳೆದು ಹಲಗೆ ಬದಲಿಸುವುದು, ಬಣ್ಣ ಬಳಿಯುವುದು ಎಲ್ಲ ಆಗಲೇ. ನಮ್ಮ ಮನೆ ಹಂಗಾರಕಟ್ಟೆಯಲ್ಲಿ, ಬೋಟು ಕಟ್ಟುವ ಜಾಗದಿಂದ ಕೂಗಳತೆಯ ದೂರ. ಇವರಿಗೆ ರಜೆ ಎಂದರೆ ಆಗದು. ಬೆಳಿಗ್ಗೆ ಗಂಜಿ ಉಂಡು ಹೋದವರು ಬಡಗಿಗಳ ಕಾಲಡಿ ಸುತ್ತುತ್ತಾ, ಅದು ಸರಿಯಿಲ್ಲ ಇದು ಸರಿಯಿಲ್ಲ ಎಂದು ಅವರ ತಲೆ ತಿನ್ನುತ್ತಾ ಮಧ್ಯಾಹ್ನ ಮಾಡುತ್ತಿದ್ದರು.

ಒಂದು ದಿನ ಹಾಗೆಯೇ ಬೋಟಿನ ಮೇಲಿನಿಂದ ಇಳಿಯುವಾಗ ಒದ್ದೆ ಹಲಗೆಯ ಮೇಲೆ ಕಾಲು ಜಾರಿತು. ಬೀಳಬಾರದೆಂದು ಮೈಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ ತಡೆದರು. ಮಂಡಿ ಮಡಚಿತು. ಒಳಗೆ ಏನೋ ‘ಟಪ್’ ಎಂದಿತು. ಪಕ್ಕದ ಬೋಟಿಗೆ ಬಣ್ಣ ಬಳಿಯುತ್ತಿದ್ದವರಿಗೂ ಆ ಸದ್ದು ಕೇಳಿಸಿತಂತೆ. ಅವರೇ ಎತ್ತಿಕೊಂಡು ಮನೆಗೆ ತಂದರು.

ನಾನು ಶಾಲೆಯಿಂದ ಬರುವಷ್ಟರಲ್ಲಿ ಅತ್ತೆಯವರು ರೋಗ ಏನೆಂದು ತೀರ್ಮಾನಿಸಿ ಆಗಿತ್ತು.

“ಎಂತದೂ ಇಲ್ಲೆ. ನರ ಎಳ್ಕಂಡದ್ದ್ ಅಷ್ಟೆ.”

ಬ್ರಹ್ಮಾವರಕ್ಕೆ ಹೋಗಿ ಫೋಟೋ ತೆಗೆಸಿದೆವು. ಎಕ್ಸ್-ರೇಗೆ ನಮ್ಮಲ್ಲಿ ಹೇಳುವುದು ಫೋಟೋ ಎಂದೇ. ಮೂಳೆ ಮುರಿದಿಲ್ಲ, ಊತ ಇಳಿದ ಮೇಲೆ ಮತ್ತೊಮ್ಮೆ ಬನ್ನಿ, ನೋಡೋಣ ಎಂದರು ಅಲ್ಲಿನ ಡಾಕ್ಟರು. ನಮ್ಮ ಕಿವಿಗೆ ಮೊದಲಿನ ಅರ್ಧ ಮಾತು ಮಾತ್ರ ಬಿತ್ತು. ಮೂಳೆ ಮುರಿದಿಲ್ಲ! ಆ ಸಂತೋಷದಲ್ಲಿ ಬರುವಾಗ ಬನ್ಸ್ ಕಟ್ಟಿಸಿಕೊಂಡು ಬಂದೆವು. ನೋಡಲು ಬಂದವರೆಲ್ಲ ಬನ್ಸ್ ತಿನ್ನುತ್ತಾ ಅತ್ತೆಯವರ ಮಾತನ್ನೇ ಹೇಳಿದರು. ನರ ಎಳೆದುಕೊಂಡಿದೆ. ನರ ಮೇಲೆ ಹತ್ತಿದೆ. ನರ ಗಂಟು ಬಿದ್ದಿದೆ. ಶಿರೂರಿನಲ್ಲಿ ಒಬ್ಬರು ಎಣ್ಣೆ ತಿಕ್ಕಿ ನರವನ್ನು ಜಾಗಕ್ಕೆ ಕೂರಿಸುತ್ತಾರೆ ಎಂದು ಯಾರೋ ಹೇಳಿದ್ದೇ ತಡ, ಬೈಂದೂರು ದಾಟಿ ಅಲ್ಲಿಗೂ ಹೋದೆವು. ಪಾಪ, ಅವರು ಒಳ್ಳೆಯ ಮನುಷ್ಯ. ಎಣ್ಣೆ ಬಿಸಿ ಮಾಡಿ, ಮುಟ್ಟಿ ನೋಡಿ, ಬಹಳ ಹಗುರವಾಗಿ ತಿಕ್ಕಿದರು. ಊತ ಇಳಿಯಿತು. ನೋವೂ ಕಡಿಮೆಯಾಯಿತು.

ಆದರೆ ಕಾಲು ಏಳಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಂಚದ ಮೇಲೆ ಮಲಗಿ ಕಾಲನ್ನು ನೇರವಾಗಿ ಚಾಚಿ ಮೇಲೆತ್ತುವುದು ನಮಗೆ ನಿಮಗೆ ಒಂದು ಕೆಲಸವೇ ಅಲ್ಲ. ಇವರಿಗೆ ಅದು ಆಗುತ್ತಿರಲಿಲ್ಲ. ಬೆರಳು ಆಡುತ್ತಿತ್ತು, ಪಾದ ಆಡುತ್ತಿತ್ತು, ಮುಟ್ಟಿದರೆ ಗೊತ್ತಾಗುತ್ತಿತ್ತು. ಎತ್ತು ಎಂದರೆ ಮಾತ್ರ ಕಾಲು ತನಗೆ ಹೇಳಿದ್ದೇ ಅಲ್ಲವೆಂಬಂತೆ ಹಾಸಿಗೆಯ ಮೇಲೆ ಬಿದ್ದಿರುತ್ತಿತ್ತು. ನಿಂತರೆ ಮಂಡಿ ಕೈ ಕೊಡುತ್ತಿತ್ತು. ಆಟೊ ಹತ್ತುವಾಗ ಎರಡೂ ಕೈಯಲ್ಲಿ ಸ್ವಂತ ಕಾಲನ್ನು ಹಿಡಿದೆತ್ತಿ, ಸಾಮಾನು ಇಟ್ಟ ಹಾಗೆ ಒಳಗಿಡುತ್ತಿದ್ದರು.

ಅಲೆಗೆ ಹೊಯ್ದಾಡುವ ಬೋಟಿನಲ್ಲಿ ತಾಂಡೇಲ ಕೂತು ಕೆಲಸ ಮಾಡಲು ಬರುವುದಿಲ್ಲ. ರಾತ್ರಿ ಹಗಲು ಕಾಲ ಮೇಲೆ ನಿಂತಿರಬೇಕು, ಬೋಟು ಎತ್ತ ವಾಲಿದರೂ ಮಂಡಿ ಹಿಡಿಯಬೇಕು. ರಜೆ ಮುಗಿದು ಬೋಟುಗಳು ನೀರಿಗಿಳಿಯುವ ದಿನ ಹತ್ತಿರ ಬರುತ್ತಿತ್ತು. ಇವರು ಆ ಮಾತೇ ಎತ್ತುತ್ತಿರಲಿಲ್ಲ. ಒಂದು ಸಂಜೆ ನಾನು ಚಹಾ ತೆಗೆದುಕೊಂಡು ಹೋದಾಗ ಮುಖವೆಲ್ಲ ಬಿಗಿದುಕೊಂಡು, ಬೆವರಿಳಿಸಿಕೊಂಡು, ಆ ಕಾಲನ್ನೇ ದುರುಗುಟ್ಟಿ ನೋಡುತ್ತಿದ್ದರು. ನನ್ನನ್ನು ಕಂಡ ಕೂಡಲೇ ಚಾದರ ಎಳೆದುಕೊಂಡರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಕಡಲಿಗೆ ಹೋಗುವುದು ಬಿಟ್ಟು ಈ ಮನುಷ್ಯನಿಗೆ ಬೇರೆ ಏನೂ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ಸರಿ, ಇನ್ನು ಈ ಊರವರ ಮಾತು ಕೇಳಿದರೆ ಆಗದು ಎಂದು ನಾನೇ ಸೊಂಟ ಕಟ್ಟಿ ನಿಂತೆ. ನರದ ತೊಂದರೆ ಎಂದ ಮೇಲೆ ನರದ ಡಾಕ್ಟರಿಗೇ ತೋರಿಸಬೇಕಲ್ಲವೇ? ಇಷ್ಟು ಸುಲಭದ ಲೆಕ್ಕ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಒಳಗೊಳಗೇ ಬೀಗಿದೆ ಕೂಡ. ಕಾರು ಮಾಡಿಕೊಂಡು ಉಡುಪಿಗೆ ಹೋದೆವು. ತಲೆನೋವಿನವರು, ಮೂರ್ಛೆಯವರು, ಕೈ ನಡುಗುವವರ ನಡುವೆ ಕೂತು ಸರದಿ ಕಾದೆವು.

ಆ ಡಾಕ್ಟರು ವಯಸ್ಸಾದವರು. ಅಂಗಾಲಿಗೆ ಗೀರಿದರು, ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿದರು, ಕಣ್ಣು ಮುಚ್ಚಿಸಿ ಬೆರಳು ಯಾವ ಕಡೆಗಿದೆ ಎಂದು ಕೇಳಿದರು. ಕೊನೆಗೆ ಮಂಡಿಚಿಪ್ಪಿನ ಮೇಲ್ಬದಿಯಲ್ಲಿ ಹೆಬ್ಬೆರಳಿಟ್ಟು ಒತ್ತಿದರು. ಬೆರಳು ಒಳಕ್ಕೆ ಹೋಯಿತು. ಅವರ ಹುಬ್ಬು ಮೇಲೇರಿತು.

“ಯಾರು ಹೇಳಿದ್ದು ನಿಮಗೆ ನರ ಅಂತ?”

“ಎಲ್ರೂ” ಎಂದೆ.

ಅವರು ಮನಸಾರೆ ನಕ್ಕರು. ರಕ್ತ ಹರಿಯುವುದಕ್ಕೂ ನರ, ಮೆದುಳಿನ ಸುದ್ದಿ ಮುಟ್ಟಿಸುವುದಕ್ಕೂ ನರ, ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿಗೂ ನರ. ನಾವು ಎಲ್ಲಕ್ಕೂ ಒಂದೇ ಹೆಸರಿಟ್ಟು ಕೂತಿದ್ದೇವೆ ಎಂದರು. ಇವರ ನರ ತಮ್ಮದಕ್ಕಿಂತ ಚೆನ್ನಾಗಿದೆಯಂತೆ. ಹೋಗಿರುವುದು ಬಹುಶಃ ಆ ಮೂರನೆಯದು. ಕುಂದಾಪುರದಲ್ಲಿ ಮಂಡಿ, ಭುಜ ಇಂಥದ್ದನ್ನು ಸ್ಕ್ಯಾನ್ ಮಾಡಿ ನೋಡುವವರು ಒಬ್ಬರಿದ್ದಾರೆ, ನಾಳೆ ನಾಡಿದ್ದು ಎನ್ನದೆ ಈಗಲೇ ಹೋಗಿ ಎಂದು ಚೀಟಿ ಬರೆದುಕೊಟ್ಟರು.

ಕಾರಿನಲ್ಲಿ ಕೂತು ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಆ ಹುರಿಗೆ ಸ್ನಾಯುರಜ್ಜು ಎಂಬ ಪದವಿರುವುದು ನನಗೆ ಗೊತ್ತಿಲ್ಲದ್ದೇನಲ್ಲ. ಪಾಠಪುಸ್ತಕದಲ್ಲಿ ಇದೆ, ಪರೀಕ್ಷೆಯಲ್ಲಿ ಬರುತ್ತದೆ. ಆದರೆ ಮನೆಯಲ್ಲಿ ಯಾರಾದರೂ “ಹ್ವಾಯ್, ನನ್ ಸ್ನಾಯುರಜ್ಜು ಹರೀತ್” ಎಂದು ಕೂಗಿದ್ದುಂಟೇ? ಹಾಗಾಗಿ ಆ ವಸ್ತುವೇ ನಮ್ಮ ಪಾಲಿಗೆ ಇರಲಿಲ್ಲ. ಇಲ್ಲದ್ದು ಹರಿಯುವುದು ಹೇಗೆ?

ದಾರಿಯಲ್ಲಿ ಇವರು ದೊಡ್ಡ ಬಾಟಲಿ ನೀರು ಕೊಂಡು ಗಟಗಟ ಕುಡಿದರು. ಸ್ಕ್ಯಾನಿಂಗ್‌ಗೆ ಹೋಗುವಾಗ ಹೊಟ್ಟೆ ತುಂಬ ನೀರು ಕುಡಿದಿರಬೇಕು ಎಂದು ಅವರ ತಂಗಿಯ ಬಸಿರಿನ ಕಾಲದಿಂದ ಗೊತ್ತಂತೆ. ಮಂಡಿಗೂ ಬೇಕಾ ಎಂದು ಕೇಳಿದರೆ, “ಕುಡ್ದಿಟ್ರೆ ಎಂತ ನಷ್ಟ?” ಎಂದರು. ಅದರ ನಷ್ಟ ಕುಂದಾಪುರ ಮುಟ್ಟುವ ಮೊದಲೇ ಗೊತ್ತಾಯಿತು. ಮಳೆಯಲ್ಲಿ, ಆ ಕಾಲಿನಲ್ಲಿ, ರಸ್ತೆ ಬದಿ ಅವರನ್ನು ಇಳಿಸಿ ಹತ್ತಿಸುವಷ್ಟರಲ್ಲಿ ಡ್ರೈವರಿಗೂ ನನಗೂ ಸಾಕುಬೇಕಾಯಿತು.

ಸ್ಕ್ಯಾನಿಂಗ್ ಕೋಣೆಯ ಹೊರಗೆ ಕಾಯುತ್ತಿದ್ದವರೆಲ್ಲ ಬಸುರಿಯರು. ಗೋಡೆಯಲ್ಲಿ ಗಂಡೋ ಹೆಣ್ಣೋ ಎಂದು ಇಲ್ಲಿ ಹೇಳುವುದಿಲ್ಲ ಎಂಬ ಬೋರ್ಡು. ಅದರ ಕೆಳಗೆ ನಮ್ಮ ತಾಂಡೇಲರು ಮೀಸೆ ಹೊತ್ತು, ಕಾಲು ಚಾಚಿ ಕೂತರು. ಎದುರಿನ ಹುಡುಗಿಯೊಬ್ಬಳು ನಗು ತಡೆಯಲಾರದೆ ಸೆರಗು ಬಾಯಿಗೆ ತಂದುಕೊಂಡಳು. ಇವರು ಕಿಟಕಿಯಾಚೆ ನೋಡುತ್ತಾ ಕೂತವರು ಹೆಸರು ಕರೆಯುವವರೆಗೆ ತಲೆ ತಿರುಗಿಸಲಿಲ್ಲ.

ಡಾಕ್ಟರು ಅಮಾಸೆಬೈಲು ಕಡೆಯ ಹೆಣ್ಣುಮಗಳು. ಬಾಯಿ ತೆರೆದರೆ ನಮ್ಮದೇ ಮಾತು. ಕೋಣೆ ಅರೆಗತ್ತಲು, ತಣ್ಣಗಿತ್ತು. ಮಂಚದ ಮೇಲೆ ಮಲಗಿಸಿ, ಎರಡೂ ಮಂಡಿಯ ಅಡಿಗೆ ದಿಂಬು ಕೊಟ್ಟು, ಎಡಗಾಲಿನ ಮೇಲೆ ಲೋಳೆಯಂಥದ್ದನ್ನು ಸುರಿದರು.

ಇವರು ತಡಬಡಿಸಿದರು. “ಡಾಕ್ಟ್ರೇ, ಆ ಕಾಲಲ್ಲ. ಪೆಟ್ಟಾದ್ ಈ ಕಾಲಿಗ್.”

“ಗೊತ್ತಿತ್ತ್ ಮರ್ರೆ. ಸರಿ ಇದ್ದದ್ ಹ್ಯಾಂಗಿತ್ತ್ ಅಂದ್ ಕಂಡ್ರೆ ಅಲ್ದಾ ಹಾಳಾದ್ದ್ ಗೊತ್ತಾಪ್ದ್?”

ಸೋಪಿನ ಗಾತ್ರದ ಒಂದು ಸಾಧನವನ್ನು ಮಂಡಿಯ ಮೇಲಿಟ್ಟು ನಿಧಾನವಾಗಿ ಜಾರಿಸಿದರು. ಪರದೆಯ ಮೇಲೆ ಬೂದು ಬಣ್ಣದ ಮಂಜು ಕಂಡಿತು. ನನಗೆ ತಲೆಬುಡ ಗೊತ್ತಾಗಲಿಲ್ಲ. ಇವರು ಮಾತ್ರ ಮೊಣಕೈ ಊರಿ ತಲೆ ಎತ್ತಿದರು.

“ಇದ್ ನಮ್ ಫಿಶ್ ಫೈಂಡರ್ ಅಲ್ದಾ?”

ಡಾಕ್ಟರು ಕೈ ನಿಲ್ಲಿಸಿ ಇವರ ಮುಖ ನೋಡಿದರು. “ನೀವ್ ಬೋಟಿನವ್ರಾ? ಹಾಂಗಾರೆ ಅದೇ ಅಂದ್ ತಿಳ್ಕಣಿ. ಅದ್ ನೀರೊಳ್ಗೆ ಶಬ್ದ ಬಿಡತ್ತ್, ಇದ್ ಮೈಯೊಳ್ಗೆ. ಹೋದ್ ಶಬ್ದ ತಿರ್ಗಿ ಬಪ್ದನ್ನ ಚಿತ್ರ ಮಾಡಿ ತೋರ್ಸತ್ತ್.”

“ನಂಗೆ ಎಂತ ಶಬ್ದವೂ ಕೇಂತಿಲ್ಲೆ” ಎಂದೆ ನಾನು.

“ನಮ್ ಕೆಮಿಗೆ ಕೇಂಬ ಶಬ್ದ ಅಲ್ಲ ಅದ್” ಎಂದರು ಡಾಕ್ಟರು.

ಇನ್ನೊಂದು ಮಾತು ಇಲ್ಲಿ ಹೇಳಬೇಕು. ನಮ್ಮಲ್ಲಿ ಹೆಂಗಸರು ಬೋಟು ಹತ್ತಿ ಕಡಲಿಗೆ ಹೋಗುವ ಪದ್ಧತಿ ಇಲ್ಲ. ನೀರಿನಡಿಯ ಮೀನನ್ನು ಪರದೆಯಲ್ಲಿ ತೋರಿಸುವ ಆ ಯಂತ್ರದ ಬಗ್ಗೆ ಮದುವೆಯಾದಾಗಿನಿಂದ ಕೇಳಿದ್ದೆ, ಒಮ್ಮೆಯೂ ಕಂಡಿರಲಿಲ್ಲ. ಬಂಗುಡೆಯ ಹಿಂಡು ಹೀಗೆ ಬರುತ್ತದೆ, ಕಲ್ಲು ಹೀಗೆ ಕಾಣುತ್ತದೆ ಎಂದು ಊಟದ ಹೊತ್ತಿಗೆ ಇವರು ಗಾಳಿಯಲ್ಲಿ ಬೆರಳಾಡಿಸುತ್ತಿದ್ದರೆ, ಸಾರು ಆರುತ್ತದೆ ಮೊದಲು ಉಣ್ಣಿ ಎಂದು ನಾನು ಗದರುತ್ತಿದ್ದೆ. ಈಗ ಆ ಬೆರಳು ಪರದೆಯ ಕಡೆಗೆ ಚಾಚಿತ್ತು.

ಅಡಿಯಲ್ಲಿ ಒಂದು ಬಿಳಿ ಗೆರೆ ಹೊಳೆಯುತ್ತಿತ್ತು, ಮೂಳೆ ಎಂದರು ಡಾಕ್ಟರು. ಅದರ ಕೆಳಗೆಲ್ಲ ಕಗ್ಗತ್ತಲು. ನಾನು ಪರದೆಯ ಹತ್ತಿರಕ್ಕೆ ಬಗ್ಗಿದೆ.

“ಅಯ್ಯೋ ದೇವ್ರೇ, ಮೂಳೆ ಒಳ್ಗೆ ಪೂರಾ ಕಪ್ಪ್ ಇತ್ತಲೆ!”

“ಅದ್ ತಳ ಮರಾಯ್ತಿ” ಎಂದರು ಇವರು. “ತಳಕ್ಕೆ ತಾಗಿದ್ ಶಬ್ದ ಅಲ್ಲಿಂದ್ಲೇ ತಿರ್ಗತ್ತ್. ಅದ್ರ ಕೆಳ್ಗೆ ಎಂತ ಇತ್ತ್ ಅಂದ್ ಯಾರಿಗೂ ಕಾಂತಿಲ್ಲೆ.”

ಡಾಕ್ಟರು ಹೌದೆಂದು ತಲೆಯಾಡಿಸಿದರು. ಆಮೇಲೆ ಅವರು ತೋರಿಸಿದ್ದನ್ನು ನಾನು ಬದುಕಿರುವವರೆಗೆ ಮರೆಯಲಾರೆ. ಮಂಡಿಚಿಪ್ಪಿನಿಂದ ಮೇಲಕ್ಕೆ, ತೊಡೆಯ ಕಡೆಗೆ, ಸಣ್ಣ ಸಣ್ಣ ಬೆಳ್ಳಿ ಎಳೆಗಳು ಒಂದರ ಪಕ್ಕ ಒಂದು, ಬಾಚಿದ ಕೂದಲಿನ ಹಾಗೆ. “ಇದೇ ಕಾಣಿ ಆ ಹುರಿ” ಎಂದರು. “ಒಂಚೂರ್ ತೊಡಿ ಬಿಗಿ ಮಾಡಿ.” ಇವರು ಬಿಗಿ ಮಾಡಿದರು. ಎಳೆಗಳೆಲ್ಲ ಒಟ್ಟಿಗೆ ಸೆಟೆದು ಸರಿದವು. ಸಡಿಲ ಬಿಟ್ಟರು, ಎಲ್ಲ ಒಟ್ಟಿಗೆ ಹಿಂದೆ ಬಂದವು. ಮತ್ತೆ ಬಿಗಿ, ಮತ್ತೆ ಸಡಿಲ. ಇದು ಫೋಟೋ ಅಲ್ಲ. ಈ ಗಳಿಗೆಯಲ್ಲಿ, ನನ್ನ ಕಣ್ಣೆದುರಿಗೆ, ಈ ಮನುಷ್ಯನ ಚರ್ಮದ ಒಳಗೆ ನಡೆಯುತ್ತಿದ್ದದ್ದು. ಒಂದು ಹನಿ ರಕ್ತವಿಲ್ಲ, ನೋವಿಲ್ಲ, ಒಂದು ಸದ್ದಿಲ್ಲ. ನಾನು ಕೈ ಮುಗಿದುಬಿಟ್ಟೆ. ಯಂತ್ರಕ್ಕೋ, ಕಾಲಿಗೋ, ಇವೆರಡನ್ನೂ ಉಂಟುಮಾಡಿದ ಯಾವುದಕ್ಕೋ. ಈ ಎಳೆಗಳನ್ನು ಹೊತ್ತುಕೊಂಡು ಇಷ್ಟು ವರ್ಷ ಇವರು ಅಂಗಳದಲ್ಲಿ ಬಂದರು, ಹೋದರು, ನನ್ನ ಹತ್ತಿರ ಜಗಳ ಮಾಡಿ ದಡದಡ ಮೆಟ್ಟಿಲಿಳಿದರು. ಒಂದು ದಿನವಾದರೂ ನಾನು ಇವುಗಳನ್ನು ನೆನೆದಿರಲಿಲ್ಲ. ಆ ಒಂದು ಕ್ಷಣ, ಸುಳ್ಳು ಯಾಕೆ ಹೇಳಲಿ, ನಾವು ಬಂದ ಕಾರಣವೇ ನನಗೆ ಮರೆತುಹೋಗಿತ್ತು.

ಆಮೇಲೆ ಸಾಧನ ಬಲಗಾಲಿಗೆ ಬಂತು.

ನನಗೂ ಈಗ ಪರದೆ ಓದಲು ಬರುತ್ತಿತ್ತು. ತಳದ ಬಿಳಿ ಗೆರೆ ಇತ್ತು. ತೊಡೆಯ ಕಡೆಯಿಂದ ಎಳೆಗಳು ಇಳಿದು ಬರುತ್ತಿದ್ದವು, ಬಂದು ದಾರಿಯಲ್ಲೇ ಮುದುಡಿ ನಿಂತಿದ್ದವು. ಈಚೆ ಮಂಡಿಚಿಪ್ಪು. ನಡುವೆ ಕಪ್ಪು.

“ಇಲ್ ಬರೀ ನೀರ್” ಎಂದರು ಇವರು, ಸಣ್ಣ ದನಿಯಲ್ಲಿ.

“ಹೌದ್. ರಕ್ತ ನೀರಾಯಿ ನಿಂತಿತ್ತ್. ಒಂಚೂರ್ ಬಿಗಿ ಮಾಡಿ, ಕಾಂಬ.”

ಇವರು ಬಿಗಿ ಮಾಡಿದರು. ಮೇಲಿನ ತುದಿ ಇನ್ನಷ್ಟು ಮೇಲಕ್ಕೆ ಸರಿಯಿತು. ಕಪ್ಪು ಅಗಲವಾಯಿತು. ಮಂಡಿಚಿಪ್ಪು ಅಲ್ಲಾಡಲಿಲ್ಲ. ಹಾಸಿಗೆಯ ಮೇಲೆ ಎಷ್ಟೋ ಸಂಜೆ ಬೆವರಿಳಿಸಿ ಇವರು ಎಳೆದದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತು ಎಂದು ಅಲ್ಲಿ ಕಾಣಿಸಿತು.

“ಪೂರಾ ಹರ್ದಿತಾ?” ಎಂದು ಇವರು ಕೇಳಿದರು.

“ಪೂರಾ.”

“ಸೇರ್ಸುಕೆ ಆತ್ತಾ?”

“ಈಗ್ಲೇ ಮಾಡ್ರೆ ಆತ್ತ್. ತಡ ಮಾಡ್ರೆ ಈ ತುದಿ ಮೇಲ್ ಹೋತೇ ಇರತ್ತ್. ಮತ್ತೆ ಎಳ್ದ್ ಕೆಳ್ಗೆ ತಪ್ದ್ ಕಷ್ಟ.”

ಇವರು ಬಲತೊಡೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಕೇಳಿದರು, “ಬೋಟಲ್ಲಿ ನಿಲ್ಲುಕೆ?”

ಡಾಕ್ಟರು ಲೋಳೆ ಒರೆಸುತ್ತಾ ಹೇಳಿದರು, “ನಡೂಕಂತೂ ಆತ್ತ್. ಬೋಟಿನ್ ಮಾತ್ ನಾನ್ ಈಗ್ಲೇ ಹೇಳ್ರೆ ಸುಳ್ಳಾತ್ತ್. ಹೊಲ್ದ್ ಮೇಲೆ ಆ ಹುರಿಯೇ ಹೇಳ್ಕ್.”

ಎರಡು ದಿನ ಬಿಟ್ಟು ಆಪರೇಷನ್ ಆಯಿತು. ಮೂಳೆಯ ಡಾಕ್ಟರು ಮಂಡಿಚಿಪ್ಪಿಗೆ ತೂತು ಕೊರೆದು, ಗಟ್ಟಿ ದಾರದಿಂದ ಆ ತುದಿಯನ್ನು ಎಳೆದು ಕಟ್ಟಿದರು. ಕಾಲು ಮಡಚದ ಹಾಗೆ ಉದ್ದಕ್ಕೂ ಪಟ್ಟಿ. ಬೋಟುಗಳು ನೀರಿಗಿಳಿದವು. ನಮ್ಮ ಬೋಟು ಬೇರೊಬ್ಬ ತಾಂಡೇಲನ ಕೈಯಲ್ಲಿ ಹೋಯಿತು. ಆ ದಿನ ಇವರು ಜಗಲಿಯ ಕುರ್ಚಿಯನ್ನು ಬೋಟುಗಳು ಹಾದುಹೋಗುವ ಹೊಳೆಯ ಕಡೆಯಿಂದ ತಿರುಗಿಸಿ ಗೋಡೆಗೆ ಮುಖ ಮಾಡಿ ಹಾಕಿಸಿಕೊಂಡರು. ಮನೆ ಮಂದಿಗೆಲ್ಲ ಬೈಗುಳ. ಮೀನು ಸಾರಿಗೆ ಉಪ್ಪಿಲ್ಲ, ಫ್ಯಾನಿಗೆ ಗಾಳಿಯಿಲ್ಲ. ನಾನೂ ಸುಮ್ಮನಿರುವವಳಲ್ಲ, ಎರಡಕ್ಕೆ ನಾಲ್ಕು ಹೇಳುತ್ತಿದ್ದೆ. ಅತ್ತೆಯವರು ಕಿವಿಗೆ ಹತ್ತಿ ಇಟ್ಟುಕೊಂಡು ತಿರುಗಾಡಿದರು.

ಪಟ್ಟಿ ಬಿಚ್ಚಿ, ಇನ್ನು ಕಾಲು ಎತ್ತಲು ಶುರುಮಾಡಬಹುದು ಎಂದ ಮೇಲೂ ಇವರು ಎತ್ತಲಿಲ್ಲ. ವ್ಯಾಯಾಮ ಹೇಳಿಕೊಡುವವರು ಬಂದರೆ ನೋವು ಎನ್ನುತ್ತಿದ್ದರು. ನೋವಲ್ಲವೆಂದು ನನಗೆ ಗೊತ್ತಿತ್ತು. ಒಂದು ಮಧ್ಯಾಹ್ನ, ಅತ್ತೆಯವರು ಹತ್ತಿರವಿಲ್ಲದಾಗ, ತಾವಾಗಿಯೇ ಹೇಳಿದರು.

“ನೀ ಕಂಡಿದೆಯಲೆ, ನಾ ಎಳ್ದಾಗ ಅದ್ ಹ್ಯಾಂಗ್ ಬಾಯ್ ಬಿಟ್ಟಿತ್ ಅಂದ್? ಈಗ ಎಳ್ದ್, ಹರ್ದ್ ಹೋರೆ?”

ಕಾಣದೇ ಇದ್ದಿದ್ದರೆ ಧೈರ್ಯ ಇರುತ್ತಿತ್ತೇನೋ. ತನ್ನ ಮೈಯೊಳಗಿನ ಬಿರುಕನ್ನು ಕಣ್ಣಾರೆ ಕಂಡವನಿಗೆ ಯಾವ ಬಾಯಿಮಾತಿನ ಸಮಾಧಾನ ಹೇಳಲಿ? ಕುಂದಾಪುರದ ಡಾಕ್ಟರಿಗೆ ಫೋನು ಮಾಡಿ ವಿಷಯ ಹೇಳಿದೆ. ಅವರು ನಗಲಿಲ್ಲ. “ಕರ್ಕಂಡ್ ಬನ್ನಿ. ತೋರ್ಸಿಯೇ ಬಿಡ್ವ” ಎಂದರು.

ಅದೇ ಕೋಣೆ, ಅದೇ ತಂಪು. ಈ ಸಲ ನೇರ ಬಲಗಾಲಿಗೇ ಬಂದರು. ನಾನು ಪರದೆ ನೋಡಿದೆ. ಕಪ್ಪು ಇದ್ದ ಜಾಗದಲ್ಲಿ ಕಪ್ಪು ಇರಲಿಲ್ಲ. ಎಡಗಾಲಿನಲ್ಲಿ ಕಂಡಂಥ ಅಚ್ಚುಕಟ್ಟು ಎಳೆಗಳೂ ಅಲ್ಲ. ದಪ್ಪಗೆ, ಒರಟಾಗಿ, ಅವಸರದಲ್ಲಿ ಹೊಸೆದ ಹಗ್ಗದ ಹಾಗಿತ್ತು. ಹೊಲಿಗೆಯ ದಾರ ಅಲ್ಲಲ್ಲಿ ಮಿನುಗುತ್ತಿತ್ತು. ಡಾಕ್ಟರು ಯಾವುದೋ ಗುಂಡಿ ಒತ್ತಿದರು. ಆ ಒರಟು ಹಗ್ಗದೊಳಗೆ ಸಣ್ಣ ಸಣ್ಣ ಕೆಂಪು ಚುಕ್ಕಿಗಳು ಎದ್ದವು, ಆರಿದವು, ಮತ್ತೆ ಎದ್ದವು, ಎದೆ ಬಡಿದ ಹಾಗೆ.

“ಎಂತ ಅದ್?” ಎಂದೆ.

“ಹೊಸ ರಕ್ತ. ಒಳ್ಗೆ ಕೆಲ್ಸ ನಡೀತಾ ಇತ್ತ್.”

ನಾವು ಮನೆಯಲ್ಲಿ ಉಪ್ಪಿಗೂ ಫ್ಯಾನಿಗೂ ಕಚ್ಚಾಡುತ್ತಿದ್ದ ಅಷ್ಟೂ ದಿನ, ಗೋಡೆ ನೋಡುತ್ತಾ ಕೂತ ಈ ಮನುಷ್ಯನ ಒಳಗೆ, ಅವರ ಗಮನಕ್ಕೂ ಬಾರದೆ, ಯಾರೂ ಹೇಳದೆ, ಇದು ನಡೆದಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಇವರು ರೆಪ್ಪೆ ಹೊಡೆಯದೆ ಪರದೆಯನ್ನೇ ನೋಡುತ್ತಿದ್ದರು.

“ಈಗ ತೊಡಿ ಬಿಗಿ ಮಾಡಿ” ಎಂದರು ಡಾಕ್ಟರು. “ಪರ್ದೆ ಕಾಣ್ತಾ ಮಾಡಿ. ಬಾಯ್ ಬಿಟ್ರೆ ನಿಲ್ಸುವ.”

ಇವರು ಹೆದರುತ್ತಾ ಸ್ವಲ್ಪ ಬಿಗಿ ಮಾಡಿದರು. ಹಗ್ಗ ಸೆಟೆಯಿತು. ಬಾಯಿ ಬಿಡಲಿಲ್ಲ.

“ಮತ್ತೂ.”

ಹಗ್ಗ ಮೇಲಕ್ಕೆ ಸರಿಯಿತು, ಮಂಡಿಚಿಪ್ಪನ್ನೂ ತನ್ನೊಟ್ಟಿಗೆ ಎಳೆದುಕೊಂಡೇ ಸರಿಯಿತು.

“ಹಿಡ್ಕಂಡಿತ್!” ಎಂದರು ಇವರು. “ಹಿಡ್ಕಂಡಿತ್ ಮರಾಯ್ತಿ, ಕಾಣ್!”

ನಾನು ಪರದೆ ಬಿಟ್ಟು ಅವರ ಪಾದದ ಕಡೆ ನೋಡಿದೆ. ಹಿಮ್ಮಡಿ ಹಾಸಿಗೆಯಿಂದ ಮೇಲೆದ್ದಿತ್ತು. ಡಾಕ್ಟರೂ ಕಂಡಿದ್ದರು, ತಮ್ಮ ಇನ್ನೊಂದು ಕೈಯನ್ನು ಎತ್ತಿ, ತಾವು ಹಿಡಿದಿಲ್ಲ ಎಂದು ನನಗೆ ಸನ್ನೆ ಮಾಡಿದರು. ಇವರಿಗೆ ಮಾತ್ರ ಗೊತ್ತಿರಲಿಲ್ಲ. ಕಣ್ಣು ಪರದೆಯಲ್ಲೇ ನೆಟ್ಟಿತ್ತು.

“ಹ್ವಾಯ್” ಎಂದೆ. “ಅಲ್ಲಲ್ಲ. ಇಲ್ಕಾಣಿ.”

ಅವರು ತಲೆ ತಿರುಗಿಸಿದರು. ಗಾಳಿಯಲ್ಲಿ ನಿಂತ ಕಾಲನ್ನು, ಬೇರೆ ಯಾರದ್ದೋ ಎಂಬಂತೆ, ಬಹಳ ಹೊತ್ತು ನೋಡಿದರು.

“ಅದ್ ನಾನಾ ಎತ್ತದ್ದ್?”

“ಮತ್ಯಾರ್?” ಎಂದರು ಡಾಕ್ಟರು. “ಸಾಕ್, ಕೆಳ್ಗೆ ಇಡಿ.”

ಇವರು ಇಡಲಿಲ್ಲ.